ಹತ್ತು ಸಾವಿರ ಹೆಜ್ಜೆಯ ಲೆಕ್ಕ

ಸಿನಿಮಾಗೆ ವಿಮರ್ಶೆ ಬರೀತೀವಿ, ಪುಸ್ತಕಕ್ಕೆ ಬರೀತೀವಿ, ಪಕ್ಕದ ಬೀದಿಯ ಬಿರಿಯಾನಿಗೂ ಸ್ಟಾರ್ ಕೊಡ್ತೀವಿ. ಆದ್ರೆ ಮಣಿಕಟ್ಟಿನ ಮೇಲೆ ಕೂತು ದಿನವಿಡೀ ನಮಗೇ ಮಾರ್ಕ್ಸ್ ಕೊಡೋ ಒಂದು ಸಂಖ್ಯೆಯನ್ನ ಮಾತ್ರ ಪ್ರಶ್ನೆ ಮಾಡದೆ ಒಪ್ಪಿಕೊಂಡಿದ್ದೀವಿ. 10,000 ಹೆಜ್ಜೆ. ಮುಟ್ಟಿದರೆ ವಾಚಿನಲ್ಲಿ ಪಟಾಕಿ ಸಿಡಿಯುತ್ತೆ. 9,400ಕ್ಕೆ ನಿಂತರೆ ರಾತ್ರಿ ಹನ್ನೊಂದಕ್ಕೆ ಹಾಲಿನಲ್ಲಿ ಸೋಫಾ ಸುತ್ತ ಗಿರಕಿ ಹೊಡೆಯೋ ಜನ ನಮ್ಮ ನಡುವೆ ಇದ್ದಾರೆ. ಇಷ್ಟು ಅಧಿಕಾರ ಇರೋ ಸಂಖ್ಯೆ ಎಲ್ಲಿಂದ ಬಂತು, ಏನು ಹೇಳುತ್ತೆ, ಏನನ್ನ ಹೇಳದೆ ಬಿಡುತ್ತೆ ಅಂತ ಒಮ್ಮೆ ಕೇಳಲೇಬೇಕು.

ಬಂದದ್ದು ಜಪಾನಿನಿಂದ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆಯಿತು. ದೇಶದಲ್ಲಿ ಫಿಟ್‌ನೆಸ್ ಬಗ್ಗೆ ಉತ್ಸಾಹ ಎದ್ದಿತ್ತು. ಮರುವರ್ಷ, 1965ರಲ್ಲಿ, ಯಮಾಸಾ ಅನ್ನೋ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು 'ಮಾನ್‌ಪೋ-ಕೇ'. ಮಾನ್ ಅಂದ್ರೆ ಹತ್ತು ಸಾವಿರ, ಪೋ ಅಂದ್ರೆ ಹೆಜ್ಜೆ, ಕೇ ಅಂದ್ರೆ ಮಾಪಕ. ಅಂದರೆ ನಾವು ವೈದ್ಯಕೀಯ ಸಲಹೆ ಅಂದುಕೊಂಡಿರೋದು ಮೂಲದಲ್ಲಿ ಒಂದು ಯಂತ್ರದ ಹೆಸರು. ಸಾವಿರಾರು ಜನರ ಹೆಜ್ಜೆಯನ್ನೂ ಆಯಸ್ಸನ್ನೂ ವರ್ಷಗಟ್ಟಲೆ ತಾಳೆ ಹಾಕಿದ ದೊಡ್ಡ ಅಧ್ಯಯನಗಳು ಬಂದಿದ್ದು ಅರ್ಧ ಶತಮಾನದ ನಂತರ.

ಈ ಕಥೆ ಈಗ ಹಳೇದಾಯ್ತು. '10,000 ಬರೀ ಜಾಹೀರಾತು, ಬಿಟ್ಟಾಕಿ' ಅನ್ನೋ ಫಾರ್ವರ್ಡು ನಿಮಗೂ ಬಂದಿರುತ್ತೆ. ಅದನ್ನೂ ನಾನು ಒಪ್ಪಲ್ಲ. ಹುಟ್ಟಿದ ಜಾಗ ಸರಿಯಿಲ್ಲ ಅಂದ ಮಾತ್ರಕ್ಕೆ ಮಾತು ಸುಳ್ಳಾಗಲ್ಲ. ಪುರಾವೆ ಏನನ್ನುತ್ತೆ ನೋಡೋಣ.

2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ 16,741 ಮಹಿಳೆಯರ ಲೆಕ್ಕ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ ಸುಮಾರು 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಲಾಭದ ಗೆರೆ ಬಹುಮಟ್ಟಿಗೆ ಸಮತಟ್ಟಾಯಿತು. 2022ರಲ್ಲಿ 15 ಅಧ್ಯಯನಗಳನ್ನು, ಅಂದರೆ 47,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಗೆರೆ ಸಮತಟ್ಟಾಗೋದು ಅರವತ್ತು ದಾಟಿದವರಲ್ಲಿ 6,000ದಿಂದ 8,000ದ ನಡುವೆ, ಅದಕ್ಕಿಂತ ಚಿಕ್ಕವರಲ್ಲಿ 8,000ದಿಂದ 10,000ದ ನಡುವೆ ಅಂತ ಗೊತ್ತಾಯಿತು. ಅಲ್ಲಿಗೆ, ನಮ್ಮ ವಯಸ್ಸಿನವರಿಗೆ ಯಮಾಸಾದ ಸಂಖ್ಯೆ ಅಷ್ಟೇನೂ ದೂರ ಇಲ್ಲ.

ಹಾಗಾದರೆ ತಕರಾರೇನು? ಎರಡಿವೆ.

ಮೊದಲನೆಯದು, ಈ ಸಂಖ್ಯೆ ಗೆರೆಯನ್ನು ಗೋಡೆ ಮಾಡಿಬಿಟ್ಟಿದೆ. ಮೇಲಿನ ಲೆಕ್ಕ ಮತ್ತೊಮ್ಮೆ ಓದಿ. ಅತಿ ದೊಡ್ಡ ಲಾಭ ಇರೋದು ಎರಡು ಮೂರು ಸಾವಿರದಿಂದ ನಾಲ್ಕು ಐದು ಸಾವಿರಕ್ಕೆ ಏರುವಲ್ಲಿ. ಎಂಟರಿಂದ ಹತ್ತಕ್ಕೆ ಏರುವಾಗ ಸಿಗೋದು ಪುಡಿಗಾಸು. ಆದರೆ ವಾಚು ಪಟಾಕಿ ಹೊಡೆಯೋದು ಪುಡಿಗಾಸಿಗೆ, ದೊಡ್ಡ ಗಂಟಿಗೆ ಅದು ಮೌನ. ನಮ್ಮಮ್ಮನಿಗೆ 64. ಮಂಡಿ ನೋವು, ಸ್ವಲ್ಪ ಸಕ್ಕರೆ. ತಂಗಿ ಕೊಡಿಸಿದ ವಾಚನ್ನು ಸಂಜೆ ನೋಡಿ, "ಮೂರು ಸಾವಿರದ ಎಂಟುನೂರು. ಅರ್ಧಾನೂ ಆಗ್ಲಿಲ್ಲ, ಇವತ್ತು ಬಿಡು" ಅಂತ ಕೂತುಬಿಡ್ತಾರೆ. ಅವರ ಪಾಲಿಗೆ ಇನ್ನೊಂದು ಆರುನೂರು ಹೆಜ್ಜೆ, ಅಂದರೆ ಬೀದಿ ಕೊನೆಯ ದೇವಸ್ಥಾನಕ್ಕೆ ಹೋಗಿ ಬರುವಷ್ಟು ದಾರಿ, ನನ್ನ ಕೊನೆಯ ಎರಡು ಸಾವಿರಕ್ಕಿಂತ ಹೆಚ್ಚು ಬೆಲೆಯದು. ಇದನ್ನು ಹೇಳಬೇಕಾದ ಯಂತ್ರ 'ಗುರಿಯ 38%' ಅಂತ ತೋರಿಸುತ್ತೆ. ಸೋತವರ ಪಟ್ಟಿಗೆ ಸೇರಿಸುತ್ತೆ. ಯಾರಿಗೆ ಅತಿ ಹೆಚ್ಚು ಉಪಯೋಗ ಆಗಬೇಕಿತ್ತೋ ಅವರನ್ನೇ ಕೂರಿಸಿಬಿಡೋ ಗುರಿ ಅದೆಂಥ ಗುರಿ?

ಎರಡನೆಯ ತಕರಾರು ವೇಗದ್ದು. ಬೆಳಗ್ಗೆಯಿಂದ ರಾತ್ರಿವರೆಗೆ ಅಡುಗೆಮನೆ, ಬಾತ್‌ರೂಮು, ಕಾಫಿ ಮಷೀನು ಅಂತ ಚೂರುಚೂರಾಗಿ ಓಡಾಡಿದ 6,000 ಹೆಜ್ಜೆಗೂ, ಒಂದು ಗಂಟೆ ಬಿರಬಿರನೆ ನಡೆದ 6,000 ಹೆಜ್ಜೆಗೂ ಈ ಸಂಖ್ಯೆಯ ಕಣ್ಣಲ್ಲಿ ವ್ಯತ್ಯಾಸ ಇಲ್ಲ. ನಾನು ಕೆಲಸ ಮಾಡಿದ ಒಂದು ಆಫೀಸಿನಲ್ಲಿ ಸ್ಟೆಪ್ ಚಾಲೆಂಜ್ ನಡೆದಿತ್ತು. ಗೆದ್ದವರು ಕಾಲ್ ಮಾಡುತ್ತಾ ಕಾರಿಡಾರಿನಲ್ಲಿ ತೇಲಾಡಿದವರು. ದಿನಾ ಮುಕ್ಕಾಲು ಗಂಟೆ ಈಜುತ್ತಿದ್ದ ಹುಡುಗಿ ಪಟ್ಟಿಯ ತಳದಲ್ಲಿದ್ದಳು. ಈಗಿನ ವಾಚುಗಳು ಎದೆಬಡಿತ ನೋಡ್ತಾವೆ, ನಿಜ. ಆದರೆ ಲೀಡರ್‌ಬೋರ್ಡಿಗೆ ಏರೋದು ಹೆಜ್ಜೆ ಮಾತ್ರ.

ವ್ಯಾಯಾಮದ ತೀವ್ರತೆಯನ್ನು ತಜ್ಞರು ಮೆಟ್ ಅನ್ನೋ ಮಾನದಲ್ಲಿ ಅಳೀತಾರೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡೋ ಶಕ್ತಿ 1 ಮೆಟ್. ಅದರ ಮೂರು ಪಟ್ಟು ಮುಟ್ಟಿದರೆ ಮಧ್ಯಮ ತೀವ್ರತೆ, ಆರು ಪಟ್ಟಾದರೆ ಬಿರುಸು. ಕ್ಯಾಟ್ರಿನ್ ಟ್ಯೂಡರ್-ಲಾಕ್ ಅವರ ತಂಡ 21ರಿಂದ 40 ವರ್ಷದವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಇದನ್ನು ಹೆಜ್ಜೆಯ ಭಾಷೆಗೆ ಇಳಿಸಿತು: ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕಿದರೆ ಮಧ್ಯಮ, ಸುಮಾರು 130 ಹಾಕಿದರೆ ಬಿರುಸು. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ. ಗುಣಿಸಿ ನೋಡಿ. ವಾರಕ್ಕೆ 15,000 ಚುರುಕು ಹೆಜ್ಜೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆಯಲ್ಲಿ 3,000. ದಿನಾ ಹತ್ತು ಸಾವಿರ ತೇಲಾಡಿಯೂ ಈ 3,000 ಒಮ್ಮೆಯೂ ಹಾಕದೆ ಇರಬಹುದು.

ಹಾಗಂತ 'ವೇಗವೇ ಎಲ್ಲಾ' ಅನ್ನೋ ಹೊಸ ಮಂತ್ರಕ್ಕೂ ಸ್ವಲ್ಪ ಉಪ್ಪು ಹಾಕಿಕೊಳ್ಳಬೇಕು. 2020ರ ಅಮೆರಿಕದ ಒಂದು ಅಧ್ಯಯನದಲ್ಲಿ ಒಟ್ಟು ಹೆಜ್ಜೆಯನ್ನು ಲೆಕ್ಕಕ್ಕೆ ತಗೊಂಡ ಮೇಲೆ ವೇಗಕ್ಕೂ ಆಯಸ್ಸಿಗೂ ಸ್ಪಷ್ಟ ನಂಟು ಉಳಿಯಲಿಲ್ಲ. 2022ರಲ್ಲಿ ಬ್ರಿಟನ್ನಿನ 78,500 ಜನರ ಅಧ್ಯಯನದಲ್ಲಿ ಉಳಿಯಿತು. ಅಲ್ಲೊಂದು ಗಂಟೂ ಇದೆ: ಚುರುಕಾಗಿ ನಡೆದದ್ದರಿಂದ ಆರೋಗ್ಯವೋ, ಆರೋಗ್ಯ ಇದ್ದದ್ದರಿಂದ ಚುರುಕು ನಡಿಗೆಯೋ? ಸುಮ್ಮನೆ ಗಮನಿಸುವ ಅಧ್ಯಯನಗಳಿಂದ ಈ ಗಂಟು ಪೂರ್ತಿ ಬಿಚ್ಚಲ್ಲ.

ಬಿಚ್ಚಬೇಕಾದರೆ ಜನರನ್ನು ನಡೆಸಿಯೇ ನೋಡಬೇಕು. ಅದನ್ನು ಮಾಡಿದ್ದೂ ಜಪಾನೇ. ಶಿನ್ಶು ವಿಶ್ವವಿದ್ಯಾಲಯದವರು ನಡುವಯಸ್ಸಿನವರನ್ನೂ ಹಿರಿಯರನ್ನೂ ಗುಂಪು ಮಾಡಿ ಐದು ತಿಂಗಳು ನಡೆಸಿದರು. ಒಂದು ಗುಂಪಿಗೆ ಒಂದೇ ಹದದಲ್ಲಿ ದಿನಕ್ಕೆ 8,000 ಹೆಜ್ಜೆಯ ಗುರಿ. ಇನ್ನೊಂದು ಗುಂಪಿಗೆ ಮೂರು ನಿಮಿಷ ನಿಧಾನ, ಮೂರು ನಿಮಿಷ ಜೋರು, ಹೀಗೆ ಐದು ಸುತ್ತು, ವಾರಕ್ಕೆ ನಾಲ್ಕು ದಿನ. 2007ರಲ್ಲಿ ಫಲಿತಾಂಶ ಬಂತು. ತೊಡೆಯ ಬಲ, ದಮ್ಮು, ರಕ್ತದೊತ್ತಡ ಮೂರರಲ್ಲೂ ಸುಧಾರಣೆ ಹೆಚ್ಚು ಕಂಡಿದ್ದು ಎರಡನೇ ಗುಂಪಿನಲ್ಲಿ. ಒಂದೇ ದೇಶ ನಮಗೆ ಎರಡು ಸಲಹೆ ಕೊಟ್ಟಿದೆ. ಮಾರೋಕೆ ಸುಲಭವಾದದ್ದು ಪ್ರಪಂಚ ಸುತ್ತಿತು.

ಇನ್ನೊಂದು ಮಾತು ಇದೆ. ಅದು ದೇಹದ್ದಲ್ಲ, ರಸ್ತೆಯದು. ನಿಮಿಷಕ್ಕೆ 100 ಹೆಜ್ಜೆ ಹಾಕಲು ಕಾಲು ಸಾಲದು, ಕಾಲ ಕೆಳಗೆ ನೆಲ ಬೇಕು. ಬೆಂಗಳೂರಿನಲ್ಲಿ ಮೂರು ನಿಮಿಷ ತಡೆಯಿಲ್ಲದೆ ನಡೆಯಬಲ್ಲ ಫುಟ್‌ಪಾತ್ ನಿಮ್ಮ ಮನೆ ಹತ್ತಿರ ಇದೆಯಾ? ಎದ್ದ ಕಲ್ಲು, ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಸ್ಕೂಟರು, ಹತ್ತಿ ಬರೋ ಸ್ಕೂಟರು. ಇಳಿದು ಹತ್ತಿ, ಹತ್ತಿ ಇಳಿದು, ಹೆಜ್ಜೆ ಸಂಖ್ಯೆಯೇನೋ ಏರುತ್ತೆ, ಉಸಿರು ಏರಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಪಕ್ಕದವರು ಅದೃಷ್ಟವಂತರು. ಉಳಿದವರು ಚುರುಕಾಗಿ ನಡೆಯಲು ಜಿಮ್ಮಿಗೆ ದುಡ್ಡು ಕಟ್ಟಿ ಓಡದ ರಸ್ತೆಯ ಮೇಲೆ ನಡೀತಾರೆ. ಮಣಿಕಟ್ಟಿನ ಸಂಖ್ಯೆ ಇದನ್ನೂ ಮುಚ್ಚಿಡುತ್ತೆ. ನಗರದ ಸೋಲನ್ನ ನನ್ನ ಸೋಮಾರಿತನ ಅಂತ ಬರೆದುಕೊಳ್ಳುತ್ತೆ. ಸ್ಟೆಪ್ ಚಾಲೆಂಜಿಗೆ ಉತ್ಸಾಹದಿಂದ ಮೇಲ್ ಕಳಿಸೋ ಕಂಪನಿಗಳು ತಮ್ಮ ಗೇಟಿನ ಮುಂದಿನ ಫುಟ್‌ಪಾತಿಗಾಗಿ ಅಷ್ಟೇ ಉತ್ಸಾಹದಿಂದ ಒಂದು ಪತ್ರ ಬರೆದರೆ ಎಷ್ಟು ಜನರ ಹೆಜ್ಜೆ ಚುರುಕಾಗಬಹುದು ಯೋಚಿಸಿ.

ನನ್ನ ತೀರ್ಪು ಇಷ್ಟು. ಎಣಿಕೆ ಇರಲಿ, ಅದು ಕೆಟ್ಟದ್ದೇನಲ್ಲ. ಕೂತೇ ಇದ್ದವರನ್ನ ಎಬ್ಬಿಸಿದೆ. ಆದರೆ ಗುರಿಯನ್ನು ವಾಚಿಗೆ ಬಿಡಬೇಡಿ. ನಿನ್ನೆಯ ನಿಮ್ಮ ಹೆಜ್ಜೆಗೆ ಇವತ್ತು ಒಂದು ಸಾವಿರ ಸೇರಿಸಿದರೆ ಸಾಕು. ಮನೆಯಲ್ಲಿ ಹಿರಿಯರಿದ್ದರೆ ಅವರ ವಾಚಿನ ಸೆಟ್ಟಿಂಗ್ಸಿಗೆ ಹೋಗಿ 10,000ವನ್ನ 4,500 ಮಾಡಿ. ಒಂದು ನಿಮಿಷದ ಕೆಲಸ. ನಿಮ್ಮ ಮಟ್ಟಿಗೆ ದಿನದಲ್ಲಿ ಒಂದಷ್ಟು ಹೊತ್ತು ಚುರುಕಾಗಿ ನಡೀರಿ. ಒಟ್ಟಿಗೆ ಹತ್ತು ನಿಮಿಷ ಆಗಲೇಬೇಕು ಅನ್ನೋ ಹಳೆಯ ನಿಯಮವನ್ನ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಕೈಬಿಟ್ಟಿದೆ. ಮೆಟ್ರೋ ಸ್ಟೇಷನ್ನಿನಿಂದ ಆಫೀಸಿನವರೆಗಿನ ಆರು ನಿಮಿಷವೂ ಲೆಕ್ಕಕ್ಕೆ ಬರುತ್ತೆ.

ಚುರುಕು ಎಷ್ಟು ಅಂತ ತಿಳಿಯೋಕೆ ವಾಚೂ ಬೇಡ. ನಡೀತಾ 15 ಸೆಕೆಂಡು ಹೆಜ್ಜೆ ಎಣಿಸಿ. 25 ಬಂದರೆ ಸರಿ. ಇಲ್ಲಾಂದ್ರೆ ಪಕ್ಕದವರ ಜೊತೆ ಮಾತಾಡಿ ನೋಡಿ. ಮಾತು ಆಗುತ್ತೆ ಆದರೆ ಹಾಡು ಹೇಳೋಕಾಗಲ್ಲ ಅನ್ನಿಸಿದರೆ, ಅದೇ ಹದ.