ಒಂದು ಗೋಲಿನಿಂದ ಸೋತು ಬರುವ ಕಲೆ

ಯುರೋಪಿಯನ್ ಕಪ್‌ನ ಫೈನಲ್‌ಗಳಲ್ಲಿ ತೀರಾ ಸಪ್ಪೆಯಾದದ್ದು ಯಾವುದು ಅಂತ ಫುಟ್‌ಬಾಲ್ ಹುಚ್ಚಿರುವ ನಾಲ್ಕು ಜನರನ್ನು ಕೇಳಿ ನೋಡಿ. ಇಬ್ಬರಾದರೂ 1986ರ ಸೆವಿಲ್ಲಾ ಎನ್ನುತ್ತಾರೆ. 120 ನಿಮಿಷ ಆಡಿ ಒಂದೂ ಗೋಲಿಲ್ಲ. ಆಮೇಲಿನ ಪೆನಾಲ್ಟಿ ಶೂಟೌಟ್‌ನಲ್ಲೂ ಎಂಟು ಕಿಕ್‌ಗಳ ಪೈಕಿ ಬಲೆ ಸೇರಿದ್ದು ಎರಡೇ. ಆ ಎರಡೂ ರುಮೇನಿಯಾದ ಸ್ಟೆವಾ ಬುಕಾರೆಸ್ಟ್ ತಂಡದವು. ಬಾರ್ಸಿಲೋನಾಕ್ಕೆ ಸೊನ್ನೆ.

ಈ ತೀರ್ಪಿಗೆ ನನ್ನ ತಕರಾರಿದೆ. ಫೈನಲ್ ಒಂದನ್ನೇ ಕತ್ತರಿಸಿ ತೆಗೆದು ನೋಡಿದರೆ ಸಪ್ಪೆಯೇ, ಒಪ್ಪಿದೆ. ಆದರೆ 1985–86ರ ಋತುವನ್ನು ಸೆಪ್ಟೆಂಬರಿನಿಂದ ಹಿಂಬಾಲಿಸಿಕೊಂಡು ಬಂದರೆ, ಆ ರಾತ್ರಿ ಇನ್ನು ಹೇಗೆ ತಾನೇ ಮುಗಿಯಬೇಕಿತ್ತು ಅನ್ನಿಸುತ್ತದೆ. ಸ್ಟೆವಾ ಆ ವರ್ಷವಿಡೀ ಒಂದೇ ವಿದ್ಯೆಯ ಮೇಲೆ ನಡೆದ ತಂಡ. ಊರು ಬಿಟ್ಟು ಹೋದಾಗ ಹೆಚ್ಚೆಂದರೆ ಒಂದು ಗೋಲಿನಿಂದ ಸೋತು ಬರುವುದು, ಮಿಕ್ಕ ಲೆಕ್ಕವನ್ನು ಬುಕಾರೆಸ್ಟಿನಲ್ಲಿ ಚುಕ್ತಾ ಮಾಡುವುದು.

ಆಗಿನ ಯುರೋಪಿಯನ್ ಕಪ್ ಅಂದರೆ ಅಪ್ಪಟ ನಾಕೌಟ್. ಆಯಾ ದೇಶದ ಲೀಗ್ ಗೆದ್ದ ಒಂದೊಂದು ಕ್ಲಬ್, ಜೊತೆಗೆ ಹಿಂದಿನ ವರ್ಷದ ವಿಜೇತ. ಚೀಟಿ ಎತ್ತಿದಾಗ ಯಾರಿಗೆ ಯಾರು ಬರುತ್ತಾರೋ ಅವರೊಡನೆ ತವರಿನಲ್ಲೊಂದು, ಅವರ ಅಂಗಳದಲ್ಲೊಂದು ಪಂದ್ಯ. ಎರಡೂ ಸೇರಿ ಗೋಲು ಸಮವಾದರೆ, ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಗುಂಪು ಹಂತ ಬಂದದ್ದು 1991ರಲ್ಲಿ. ಎದುರಾಳಿಯ ಅಂಗಳದ ಗೋಲಿಗಿದ್ದ ಆ ಹೆಚ್ಚಿನ ಬೆಲೆಯನ್ನು 2021ರಲ್ಲಿ ತೆಗೆದುಹಾಕಿದರು. ಈಗಿನ ಚಾಂಪಿಯನ್ಸ್ ಲೀಗ್‌ನಲ್ಲಿ 36 ತಂಡಗಳು, ಮೊದಲ ಹಂತದಲ್ಲೇ ಪ್ರತಿ ತಂಡಕ್ಕೆ ಎಂಟು ಪಂದ್ಯ. 2024–25ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಆ ಹಂತದಲ್ಲಿ ಆರ್ಸೆನಲ್, ಅಟ್ಲೆಟಿಕೊ ಮ್ಯಾಡ್ರಿಡ್, ಬಯರ್ನ್ ಮೂವರಿಗೂ ಸೋತು, ಕಡೆಗೆ ಫೈನಲ್‌ನಲ್ಲಿ ಇಂಟರ್ ಮಿಲಾನ್‌ಗೆ 5–0 ಬಾರಿಸಿ ಕಪ್ ಒಯ್ದಿತು. ಸೊಗಸಾದ ತಂಡ, ಅನುಮಾನವಿಲ್ಲ. ಆದರೆ 1985ರಲ್ಲಿ ಅಷ್ಟು ಸಲ ಎಡವಿದವರಿಗೆ ನವೆಂಬರಿನಲ್ಲೇ ಮನೆ ದಾರಿ.

ಆ ವರ್ಷ ಹಾಗೆ ಮನೆ ದಾರಿ ಹಿಡಿದವರ ಪಟ್ಟಿ ದೊಡ್ಡದು. ಟಿಗಾನಾ, ಜಿರೆಸ್ ಇದ್ದ ಫ್ರಾನ್ಸಿನ ಬೋರ್ಡೊ ಮೊದಲ ಸುತ್ತಿನಲ್ಲೇ ತನ್ನ ಅಂಗಳದಲ್ಲಿ ಟರ್ಕಿಯ ಫೆನರ್‌ಬಾಹ್ಚೆಗೆ 2–3ರಿಂದ ಸೋತು, ಇಸ್ತಾನ್‌ಬುಲ್‌ನಲ್ಲಿ ಗೋಲು ಹೊಡೆಯಲಾಗದೆ ಹೊರಬಿತ್ತು. ಲೆನಿನ್‌ಗ್ರಾದಿನ ಜೆನಿತ್ ತಂಡವನ್ನು ಫಿನ್ಲೆಂಡಿನ ಕೂಸುಸಿ ಲಾಹ್ತಿ ಮನೆಗೆ ಕಳಿಸಿತು. ಇಂಗ್ಲೆಂಡಿನ ಚಾಂಪಿಯನ್ ಎವರ್ಟನ್ ಚೀಟಿಯಲ್ಲೇ ಇರಲಿಲ್ಲ. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ, ಲಿವರ್‌ಪೂಲ್–ಯುವೆಂಟಸ್ ಫೈನಲ್‌ಗೆ ಮುಂಚೆ ನಡೆದ ಗಲಭೆ ಮತ್ತು ಗೋಡೆ ಕುಸಿತದಲ್ಲಿ 39 ಮಂದಿ ಸತ್ತಿದ್ದರು. ಇಂಗ್ಲೆಂಡಿನ ಕ್ಲಬ್‌ಗಳ ಮೇಲೆ ನಿಷೇಧ ಬಿತ್ತು. ಆ ರಾತ್ರಿ ಕಪ್ ಗೆದ್ದಿದ್ದ ಯುವೆಂಟಸ್‌ಗೂ ದಂಡ ತಪ್ಪಲಿಲ್ಲ. ಎರಡನೇ ಸುತ್ತಿನಲ್ಲಿ ಅದಕ್ಕೆ ಎದುರಾದದ್ದು ಇಟಲಿಯದೇ ವೆರೋನಾ, ತನ್ನ ಇತಿಹಾಸದ ಏಕೈಕ ಲೀಗ್ ಪ್ರಶಸ್ತಿ ಗೆದ್ದು ಬಂದಿದ್ದ ಪುಟ್ಟ ಊರಿನ ತಂಡ. ಆ ದಂಡದ ಪ್ರಕಾರ ಟ್ಯೂರಿನ್‌ನಲ್ಲಿ ಪ್ರೇಕ್ಷಕರಿಲ್ಲದ ಖಾಲಿ ಕ್ರೀಡಾಂಗಣದಲ್ಲಿ ಮರುಪಂದ್ಯ ನಡೆದು ಯುವೆಂಟಸ್ 2–0 ಗೆದ್ದಿತು. ರೆಫರಿಯ ತೀರ್ಮಾನಗಳ ಬಗ್ಗೆ ವೆರೋನಾದವರ ಸಿಟ್ಟು ಬಹಳ ವರ್ಷ ಆರಲಿಲ್ಲ.

ಈಗ ಸ್ಟೆವಾ. ಅದು ಸೈನ್ಯದ ಕ್ಲಬ್. ಸರ್ವಾಧಿಕಾರಿ ಚೌಶೆಸ್ಕುವಿನ ಹಿರಿಮಗ ವಾಲೆಂಟಿನ್ ಅದರ ಬೆನ್ನಿಗಿದ್ದ. ವಿದೇಶಿ ಸಾಲ ತೀರಿಸುವ ಹಟಕ್ಕೆ ಬಿದ್ದ ಸರ್ಕಾರ ರೊಟ್ಟಿ, ಮಾಂಸಕ್ಕೆ ರೇಷನ್ ಹಾಕಿ, ಚಳಿಗಾಲದಲ್ಲಿ ಮನೆಗಳ ಶಾಖವನ್ನೂ ವಿದ್ಯುತ್ತನ್ನೂ ಕಡಿತ ಮಾಡಿದ್ದ ಕಾಲ ಅದು. ಟೀವಿ ಪ್ರಸಾರ ಎಷ್ಟೋ ದಿನ ಎರಡೇ ತಾಸು. ಸ್ವದೇಶದ ಲೀಗ್‌ನಲ್ಲಿ ಸ್ಟೆವಾ 1986ರಿಂದ 1989ರವರೆಗೆ 104 ಪಂದ್ಯ ಸೋಲದೆ ಆಡಿದ ದಾಖಲೆಯನ್ನು ನೋಡಿದಾಗ ಹುಬ್ಬೇರುವುದು ಸಹಜ. ಅಲ್ಲಿ ಸೀಟಿ ಊದುವವರಿಗೂ ಭಯವಿದ್ದೀತು. ಆದರೆ ಬ್ರಸೆಲ್ಸ್‌ನಲ್ಲಿ, ಹೆಲ್ಸಿಂಕಿಯಲ್ಲಿ ಯಾರ ಮಗನ ಪ್ರಭಾವವೂ ಚೆಂಡನ್ನು ಬಲೆಗೆ ತಳ್ಳಿಕೊಡುವುದಿಲ್ಲ. ಯುರೋಪಿನಲ್ಲಿ ಗಳಿಸಿದ್ದನ್ನು ಆ ಹುಡುಗರು ಕಾಲಿನಿಂದಲೇ ಗಳಿಸಿದ್ದು.

ಅವರ ಹಾದಿ ನೋಡಿ. ಡೆನ್ಮಾರ್ಕಿನ ವೇಯ್ಲೆಯಲ್ಲಿ 1–1, ಬುಕಾರೆಸ್ಟಿನಲ್ಲಿ 4–1. ಬುಡಾಪೆಸ್ಟಿನ ಹೊನ್ವೇದ್ ವಿರುದ್ಧ ಅಲ್ಲಿ 0–1 ಸೋಲು, ಇಲ್ಲಿ 4–1 ಗೆಲುವು. ಸೆಮಿಫೈನಲ್‌ನಲ್ಲಿ ಆಂಡರ್‌ಲೆಕ್ಟ್ ವಿರುದ್ಧ ಬ್ರಸೆಲ್ಸ್‌ನಲ್ಲಿ ಮತ್ತೆ 0–1, ಗೋಲು ಎಂಜೊ ಶೀಫೊ ಅವರದು. ಹದಿನಾಲ್ಕು ದಿನ ಕಳೆದು ಬುಕಾರೆಸ್ಟಿನಲ್ಲಿ 3–0, ಪಿತುರ್ಕಾ ಎರಡು, ಬಾಲಿಂಟ್ ಒಂದು. ಸಂತೆಯಲ್ಲಿ ಬೆಲೆ ಕೇಳಿ, ಕೊಳ್ಳದೆ, ಸುಮ್ಮನೆ ಮನೆಗೆ ಬಂದವನ ಹಾಗೆ ಅವರು ಮೊದಲ ಪಂದ್ಯದಿಂದ ವಾಪಸಾಗುತ್ತಿದ್ದರು. ಎದುರಾಳಿಗೆ ಅದು ಗೆಲುವಿನಂತೆ ಕಾಣುತ್ತಿತ್ತು. 0–1 ಅನ್ನುವುದು ಒಂದೇ ಗೋಲಿನ ಸಾಲ, ಅಷ್ಟನ್ನು ತೀರಿಸುವ ತಾಕತ್ತು ತವರಿನಲ್ಲಿ ನಮಗಿದೆ ಎಂಬ ಎಣಿಕೆ ತರಬೇತುದಾರ ಎಮೆರಿಕ್ ಯೆನೈ ಅವರ ತಂಡದ ನಡೆಯಲ್ಲೇ ಕಾಣುತ್ತದೆ. ಹಿಂದೆ ಲಿಬೆರೊ ಸ್ಥಾನದಲ್ಲಿ ಮಿಯೊಡ್ರಾಗ್ ಬೆಲೊದೆದಿಚ್, 21ರ ಹರೆಯ, ಚೆಂಡು ಕಿತ್ತುಕೊಂಡರೆ ಬೀಸಿ ಎಸೆಯದೆ ತಲೆಯೆತ್ತಿಕೊಂಡು ಮುಂದೆ ನಡೆಯುವ ಠೀವಿ. ಮಧ್ಯದಲ್ಲಿ ಲಾಸ್ಲೊ ಬೊಲೊನಿ, ಅವಸರವೆಂಬುದೇ ಗೊತ್ತಿಲ್ಲದ ಎಡಗಾಲು. ಮುಂದೆ ಲಾಕಾತುಶ್, ಅವರಿಗೆ ಅವಸರ ಬಿಟ್ಟು ಬೇರೇನೂ ಗೊತ್ತಿಲ್ಲ.

ಈ ಲೆಕ್ಕ ತಲೆಕೆಳಗಾದದ್ದು ಒಂದೇ ಸಲ. ಕ್ವಾರ್ಟರ್‌ಫೈನಲ್‌ನಲ್ಲಿ ಕೂಸುಸಿ ಲಾಹ್ತಿ ಬುಕಾರೆಸ್ಟಿಗೇ ಬಂದು 0–0 ಹಿಡಿದು ಹೋಯಿತು. ಹೆಲ್ಸಿಂಕಿಯ ಮರುಪಂದ್ಯದಲ್ಲಿ ಕೊನೆಯ ಐದು ನಿಮಿಷದವರೆಗೂ ಗೋಲಿಲ್ಲ. ಗೋಲಿನೊಂದಿಗೆ ಡ್ರಾ ಆಗಿದ್ದರೆ ಸ್ಟೆವಾಕ್ಕೇ ಲಾಭ, ಫಿನ್ಲೆಂಡಿನವರು ಒಂದು ಗೋಲು ಹೊಡೆದು ಆಟ ಅಲ್ಲಿಗೇ ನಿಂತಿದ್ದರೆ ಸ್ಟೆವಾದ ಕತೆ ಮುಗಿದಂತೆ. ಆಗ ಪಿತುರ್ಕಾ ಹೊಡೆದ ಗೋಲು ಆ ಋತುವಿನಲ್ಲಿ ಸ್ಟೆವಾ ಪರದೇಶದಲ್ಲಿ ಹೊಡೆದ ಎರಡೇ ಗೋಲುಗಳಲ್ಲಿ ಒಂದು. ತವರಿನಲ್ಲಿ ಹೊಡೆದದ್ದು 11. ಪರದೇಶದ ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಮೂರು. ಸೆವಿಲ್ಲಾದ ಕೀಲಿಕೈ ಈ ಅಂಕಿಗಳಲ್ಲೇ ಇದೆ.

ಎರಡು ಪಂದ್ಯದ ಈ ಗಣಿತ ನಮಗೇನೂ ಪರಕೀಯವಲ್ಲ. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾಕ್ಕೆ ಹೋಗಿ, ಹಿಂದಿನ ವರ್ಷದ ಚಾಂಪಿಯನ್ ಜೊಹೊರ್ ವಿರುದ್ಧ 1–1 ತಂದು, ಕಂಠೀರವದಲ್ಲಿ 3–1 ಗೆದ್ದಿತ್ತು. ಅಂದು ಅಲ್ಲಿದ್ದವರಿಗೆ ತವರಿನ ಮರುಪಂದ್ಯ ಎಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಫೈನಲ್ ಮಾತ್ರ ದೋಹಾದಲ್ಲಿ ಒಂದೇ ಪಂದ್ಯ. ಇರಾಕಿನ ವಾಯುಪಡೆಯ ತಂಡಕ್ಕೆ 0–1 ಸೋಲು. ತೀರಿಸಿಕೊಳ್ಳಲು ಇನ್ನೊಂದು ರಾತ್ರಿ ಇರಲಿಲ್ಲ.

ಬಾರ್ಸಿಲೋನಾದ ಹಾದಿ ಸ್ಟೆವಾದ ಹಾದಿಗೆ ತದ್ವಿರುದ್ಧ. ಅವರು ಬದುಕಿದ್ದೇ ಹೊರಗಿನ ಗೋಲಿನ ಪುಣ್ಯದಿಂದ. ಪ್ರಾಗ್‌ನಲ್ಲಿ ಸ್ಪಾರ್ಟಾ ವಿರುದ್ಧ 2–1 ಗೆದ್ದು, ಕ್ಯಾಂಪ್ ನೌನಲ್ಲಿ 0–1 ಸೋತು, ಹೊರಗೆ ಹೊಡೆದ ಗೋಲುಗಳ ಬಲದಿಂದ ದಾಟಿದರು. ಪೋರ್ಟೊ ವಿರುದ್ಧ ತವರಿನಲ್ಲಿ 2–0, ಅಲ್ಲಿ ಹೋದಾಗ ಜುವಾರಿ ಒಬ್ಬರೇ ಮೂರು ಗೋಲು ಹೊಡೆದರು. ಸ್ಕಾಟ್ಲೆಂಡಿನ ಸ್ಟೀವ್ ಆರ್ಚಿಬಾಲ್ಡ್ ಹೊಡೆದ ಒಂದು ಗೋಲು ಅವತ್ತು ಬಾರ್ಸಿಲೋನಾವನ್ನು ಉಳಿಸಿತು. ಯುವೆಂಟಸ್ ವಿರುದ್ಧ 1–0 ಮತ್ತು 1–1, ಟ್ಯೂರಿನ್‌ನ ಗೋಲು ಮತ್ತೆ ಆರ್ಚಿಬಾಲ್ಡ್‌ರದೇ. ಸೆಮಿಫೈನಲ್‌ನಲ್ಲಂತೂ ಸ್ವೀಡನ್ನಿನ ಐಎಫ್‌ಕೆ ಗೋಥೆನ್‌ಬರ್ಗ್‌ನಿಂದ 0–3 ಏಟು ತಿಂದು ಬಂದರು. ಮರುಪಂದ್ಯದಲ್ಲಿ ಪೀಚಿ ಅಲೊನ್ಸೊ ಹ್ಯಾಟ್ರಿಕ್ ಹೊಡೆದು 3–0 ಮಾಡಿದರು, ಶೂಟೌಟ್ 5–4. ಕ್ಯಾಂಪ್ ನೌನ ಆ ರಾತ್ರಿಯೇ ಕಪ್ ಗೆದ್ದಷ್ಟು ಸಂಭ್ರಮ. ಹಾಗೆ ಅನ್ನಿಸಿದ್ದೇ ಮುಳುವಾಯಿತೇನೋ.

1986ರ ಮೇ 7. ಸೆವಿಲ್ಲಾದ ಸಾಂಚೆಸ್ ಪಿಸ್ವಾನ್ ಕ್ರೀಡಾಂಗಣ. ಕಾಗದದ ಮೇಲೆ ತಟಸ್ಥ ಅಂಗಳ, ಇರುವುದು ಸ್ಪೇನಿನಲ್ಲಿ. ಸುಮಾರು 70,000 ಜನರಲ್ಲಿ ರುಮೇನಿಯಾದವರು ಸಾವಿರದ ಆಸುಪಾಸು, ಅವರೂ ಸರ್ಕಾರದ ಅನುಮತಿ ಪಡೆದು ಬಂದವರು. ಸ್ಟೆವಾದ ನಾಯಕ ತುದೊರೆಲ್ ಸ್ಟೊಯ್ಕಾ ಅಮಾನತಿನಿಂದಾಗಿ ಆಡುವಂತಿಲ್ಲ. ಅಂದರೆ ಸ್ಟೆವಾಕ್ಕೆ ಇದು ಇನ್ನೊಂದು ಪರದೇಶದ ಪಂದ್ಯ. ಪರದೇಶದಲ್ಲಿ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು, ಅದನ್ನೇ ಮಾಡಿದರು. ತೊಡಕು ಒಂದೇ. ಈ ಸಲ ಹದಿನಾಲ್ಕು ದಿನ ಬಿಟ್ಟು ಬುಕಾರೆಸ್ಟಿನಲ್ಲಿ ಮರುಪಂದ್ಯ ಇಲ್ಲ.

ಅವರು ಮರುಪಂದ್ಯವನ್ನು ಶೂಟೌಟ್‌ನಲ್ಲಿ ಹುಡುಕಿಕೊಂಡರು ಅನ್ನುವುದು ನನ್ನ ವಾದ. ಆಟ ಮುಂದುವರಿದಷ್ಟೂ ಚೆಂಡನ್ನು ಅತ್ತಿಂದಿತ್ತ ದಾಟಿಸುತ್ತ ಬಾರ್ಸಿಲೋನಾದ ಉಸಿರನ್ನು ಇಂಗಿಸಿದರು. 72ನೇ ನಿಮಿಷದಲ್ಲಿ ಯೆನೈ ಯಾರನ್ನು ಇಳಿಸಿದರು ಗೊತ್ತೇ? ತಮ್ಮ ಸಹಾಯಕ ತರಬೇತುದಾರ ಆಂಘೆಲ್ ಯೊರ್ದನೆಸ್ಕು ಅವರನ್ನು. ಮೂರು ದಿನದ ಹಿಂದಷ್ಟೇ 36 ತುಂಬಿತ್ತು, ಹೆಚ್ಚುಕಡಿಮೆ ಬೂಟು ನೇತುಹಾಕಿದ್ದ ಮನುಷ್ಯ. ಗೋಲು ಬೇಕಾದವರು ಹೀಗೆ ಮಾಡುವುದಿಲ್ಲ, ಆಟದ ವೇಗ ಇಳಿಸಬೇಕಾದವರು ಮಾಡುತ್ತಾರೆ. ಅತ್ತ ಬಾರ್ಸಿಲೋನಾದ ತರಬೇತುದಾರ ಟೆರಿ ವೆನೆಬಲ್ಸ್ 85ನೇ ನಿಮಿಷದಲ್ಲಿ ಬರ್ನ್ಡ್ ಶುಸ್ಟರ್ ಅವರನ್ನು ಹೊರಕ್ಕೆ ಕರೆದರು. ತಂಡದ ಅತ್ಯಂತ ಜಾಣ ಕಾಲು ಅದು. ಶುಸ್ಟರ್ ನೇರ ಡ್ರೆಸಿಂಗ್ ರೂಮಿಗೆ ಹೋಗಿ, ಪಂದ್ಯ ಮುಗಿಯುವ ಮುನ್ನವೇ ಕ್ರೀಡಾಂಗಣ ಬಿಟ್ಟು ಹೊರಟರು. ಮುಂದಿನ ಋತುವಿನ ಲೀಗ್‌ನಲ್ಲಿ ಕ್ಲಬ್ ಅವರನ್ನು ಆಡಿಸಲಿಲ್ಲ. ಹೆಚ್ಚುವರಿ ಸಮಯದಲ್ಲಿ ಆರ್ಚಿಬಾಲ್ಡ್ ಕೂಡ ಹೊರಗೆ. ಹೀಗೆ ಶೂಟೌಟ್ ಬರುವ ಹೊತ್ತಿಗೆ ನಂಬಿಕೆಯ ಇಬ್ಬರು ಮೈದಾನದಲ್ಲೇ ಇಲ್ಲ.

ಪೆನಾಲ್ಟಿ ಹೊಡೆಯುವವರೆಗೂ ಗೋಲ್‌ಕೀಪರ್ ಗೆರೆಯ ಮೇಲೆ ಪಾದ ಕದಲಿಸಬಾರದು ಎಂಬ ನಿಯಮವಿದ್ದ ದಿನಗಳವು. ಬಾರ್ಸಿಲೋನಾದ ಗೋಲಿನಲ್ಲಿ ಉರುತಿ, ಹಿಂದಿನ ವರ್ಷ ವಯಾದೊಲಿದ್‌ನಲ್ಲಿ ಪೆನಾಲ್ಟಿ ತಡೆದು ಲೀಗ್ ಪ್ರಶಸ್ತಿ ಖಾತ್ರಿ ಮಾಡಿಕೊಟ್ಟಿದ್ದ ವೀರ. ಸ್ಟೆವಾದ ಗೋಲಿನಲ್ಲಿ ಹೆಲ್ಮುತ್ ಡುಕಾಡಾಮ್, ಅರಾದ್ ಸೀಮೆಯ ಹಳ್ಳಿಯವರು, ಪೊದೆ ಮೀಸೆ, 27 ವರ್ಷ. ಸ್ಟೆವಾದ ಮೊದಲ ಕಿಕ್ ಮಜಾರು ಅವರದು, ಉರುತಿ ತಡೆದರು. ಅಲೆಕ್ಸಾಂಕೊ ಬಂದರು, ಡುಕಾಡಾಮ್ ತಮ್ಮ ಬಲಕ್ಕೆ ಹಾರಿ ತಡೆದರು. ಬೊಲೊನಿ, ಉರುತಿ ಮತ್ತೆ ತಡೆದರು. ಪೆದ್ರಾಸಾ, ಡುಕಾಡಾಮ್ ಮತ್ತೆ ಬಲಕ್ಕೆ, ಮತ್ತೆ ತಡೆ. ನಾಲ್ಕು ಕಿಕ್, ಸೊನ್ನೆ ಗೋಲು. ಆಗ ಲಾಕಾತುಶ್ ಬಂದು, ಯಾವ ಕೀಪರ್ ಯಾವ ಕಡೆ ಹಾರಿದರೂ ಅಷ್ಟೇ ಅನ್ನುವಂತೆ ಬಲವಾಗಿ ಬಾರಿಸಿದರು. 1–0. ಸೆಮಿಫೈನಲ್‌ನ ಹ್ಯಾಟ್ರಿಕ್ ವೀರ ಪೀಚಿ ಅಲೊನ್ಸೊ ಚೆಂಡಿಟ್ಟರು. ಮೂರನೇ ಬಾರಿಯೂ ಡುಕಾಡಾಮ್ ಬಲಕ್ಕೇ ಬಿದ್ದು ಹಿಡಿದರು. ಬಾಲಿಂಟ್ ತಣ್ಣಗೆ 2–0 ಮಾಡಿದರು.

ನಾಲ್ಕನೆಯವರು ಮಾರ್ಕೋಸ್. ಮೂರು ಸಲ ಒಂದೇ ಕಡೆಗೆ ಹಾರಿದ ಕೀಪರ್ ಎದುರಿಗಿದ್ದಾನೆ. ಹೊಡೆಯುವವನಿಗೆ ಇದಕ್ಕಿಂತ ಸುಲಭದ ಸುಳಿವು ಬೇಕೇ? ಆಚೆ ಬದಿಗೆ ಹೊಡೆದರಾಯಿತು. ಮಾರ್ಕೋಸ್ ಹಾಗೇ ಮಾಡಿದರು. ಡುಕಾಡಾಮ್ ಈ ಸಲ ಎಡಕ್ಕೆ ಹಾರಿದ್ದರು. ಮೂರು ತಡೆಗಳನ್ನು ಅದೃಷ್ಟ ಅನ್ನುವವರೂ ನಾಲ್ಕನೆಯದನ್ನು ಹಾಗನ್ನಲಾರರು. ಪೂರ್ವ ಯುರೋಪಿನ ಕ್ಲಬ್ಬೊಂದು ಯುರೋಪಿಯನ್ ಕಪ್ ಗೆದ್ದದ್ದು ಅದೇ ಮೊದಲು.

ಕೆಲವೇ ವಾರಗಳಲ್ಲಿ ಡುಕಾಡಾಮ್ ಅವರ ಕೈಯಲ್ಲಿ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆಯಾಯಿತು. ಡಿಸೆಂಬರಿನಲ್ಲಿ ಸ್ಟೆವಾ ಟೋಕಿಯೋದಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ವಿರುದ್ಧ ಆಡಿ 0–1 ಸೋತಾಗ ಗೋಲಿನಲ್ಲಿ ಅವರಿರಲಿಲ್ಲ. ಉಡುಗೊರೆ ಕಾರಿನ ಜಗಳಕ್ಕೆ ಚೌಶೆಸ್ಕುವಿನ ಕಡೆಯವರು ಅವರ ಕೈ ಮುರಿಸಿದರೆಂಬ ಗಾಳಿಸುದ್ದಿ ದೇಶವಿಡೀ ಹರಡಿತ್ತು, ಸ್ವತಃ ಅವರೇ ಅಲ್ಲಗಳೆದರೂ ಸಾಯಲಿಲ್ಲ. ಆಮೇಲೆ ಅವರು ಆಡಿದ್ದು ಅರಾದಿನ ಸಣ್ಣ ಕ್ಲಬ್ಬಿಗೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಬೆಲೊದೆದಿಚ್ 1988ರಲ್ಲಿ ರುಮೇನಿಯಾ ಬಿಟ್ಟು ಯುಗೊಸ್ಲಾವಿಯಾಕ್ಕೆ ಓಡಿಹೋದರು. 1991ರಲ್ಲಿ ಇಟಲಿಯ ಬಾರಿಯಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಪರ ಮತ್ತೊಂದು ಯುರೋಪಿಯನ್ ಕಪ್ ಫೈನಲ್ ಆಡಿದರು. ಎದುರಾಳಿ ಮಾರ್ಸೆ. 120 ನಿಮಿಷ, 0–0, ಶೂಟೌಟ್. ಅವರ ಕಿಕ್ ಗೋಲಾಯಿತು, ಕಪ್ಪೂ ಬಂತು. ಎರಡು ಬೇರೆ ಬೇರೆ ಕ್ಲಬ್‌ಗಳ ಪರ ಫೈನಲ್‌ನಲ್ಲಿ ಆಡಿ ಆ ಕಪ್ ಗೆದ್ದ ಮೊದಲ ಆಟಗಾರ. ಆ ಫೈನಲನ್ನೂ ಜನ ಸಪ್ಪೆ ಅಂತಲೇ ಕರೆಯುತ್ತಾರೆ.

ಸೆವಿಲ್ಲಾದ ಪಂದ್ಯವನ್ನು ಹುಡುಕಿ ನೋಡುವ ಮನಸ್ಸಿದ್ದವರಿಗೆ ಒಂದು ಸೂಚನೆ. ನೇರವಾಗಿ ಅದಕ್ಕೇ ಹೋಗಬೇಡಿ, ಶೂಟೌಟ್‌ಗಂತೂ ಹಾರಬೇಡಿ. ಮೊದಲು ಏಪ್ರಿಲ್ 16ರ ಬುಕಾರೆಸ್ಟ್, ಆಂಡರ್‌ಲೆಕ್ಟ್ ವಿರುದ್ಧದ 3–0. ಇಷ್ಟು ಚೆನ್ನಾಗಿ ದಾಳಿ ಮಾಡಬಲ್ಲವರು ಮೂರು ವಾರ ಬಿಟ್ಟು ಸೆವಿಲ್ಲಾದಲ್ಲಿ ಯಾಕೆ ಮಾಡಲಿಲ್ಲ ಎಂದು ಕೇಳಿಕೊಳ್ಳುತ್ತ ಫೈನಲ್‌ಗೆ ಕೂತರೆ, ಆ 120 ನಿಮಿಷದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ.