‘ಬಂಧಕ’ವೋ ‘ಸಂಧಾಯಕ’ವೋ? ಒಂದು ಪರಿಭಾಷಾವಿಮರ್ಶೆ

ಪಾರಿಭಾಷಿಕ ಶಬ್ದಕ್ಕೆ ವ್ಯುತ್ಪತ್ತಿಶುದ್ಧಿಯೊಂದೇ ಸಾಲದು. ಅದು ವಸ್ತುವಿನ ವ್ಯಾಪಾರವನ್ನೂ ಸೂಚಿಸಬೇಕು. ಲೋಹದ ಪರಮಾಣುವಿಗೆ ತನ್ನ ಎಲೆಕ್ಟ್ರಾನುಗಳ ಜೋಡಿಯನ್ನಿತ್ತು ಕೂಡಿಕೊಳ್ಳುವ ಅಣುವಿಗಾಗಲಿ ಅಯಾನಿಗಾಗಲಿ ರಸಾಯನಶಾಸ್ತ್ರದಲ್ಲಿ ‘ಲಿಗ್ಯಾಂಡ್’ ಎಂದು ಹೆಸರು. ‘ಕಟ್ಟು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಶಬ್ದವನ್ನು ‘ಬಂಧಕ’ವೆಂದು ಭಾಷಾಂತರಿಸಿದರೆ ಧಾತ್ವರ್ಥವು ಉಳಿಯುತ್ತದೆ, ಶಾಸ್ತ್ರಾರ್ಥವು ಉಳಿಯುವುದೇ ಎಂಬುದು ವಿಚಾರಣೀಯ.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಸೈನೈಡ್ ಮಣ್ಣಿನ ದಿಬ್ಬಗಳು ಉಳಿದುವು. 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಪೇಟೆಂಟ್ ಪಡೆದ ಕ್ರಮದಂತೆ, ಅದಿರಿನ ಪುಡಿಯಲ್ಲಿರುವ ಬಂಗಾರವು ಗಾಳಿಯ ಆಮ್ಲಜನಕದ ಸಹಾಯದಿಂದ ಸೈನೈಡಿನ ನೀರಿನಲ್ಲಿ ಕರಗುತ್ತದೆ. ಆಗ ಬಂಗಾರದ ಒಂದು ಪರಮಾಣುವಿನ ಎರಡು ಪಕ್ಕಗಳಲ್ಲಿ ಎರಡು ಸೈನೈಡುಗಳು ಸರಳರೇಖೆಯಲ್ಲಿ ನಿಲ್ಲುತ್ತವೆ. ಇಲ್ಲಿ ಬಂಧವುಂಟು, ಉಂಗುರವಿಲ್ಲ. ಸೈನೈಡಿನ ಸ್ಥಾನದಲ್ಲಿ ಪೈರಜೋಲೇಟ್ ಎಂಬ ಲಿಗ್ಯಾಂಡು ಬಂದರೆ ಫಲವೇ ಬೇರೆ. ಅದರಲ್ಲಿ ಅಕ್ಕಪಕ್ಕದ ಎರಡು ನೈಟ್ರೋಜನ್ನುಗಳು ಬೇರೆಬೇರೆ ದಿಕ್ಕಿಗೆ ತಿರುಗಿದ್ದು, ಒಂದೊಂದೂ ಒಂದೊಂದು ಬಂಗಾರವನ್ನು ಹಿಡಿಯುತ್ತವೆ. ಮೂರು ಬಂಗಾರಗಳೂ ಮೂರು ಪೈರಜೋಲೇಟುಗಳೂ ಸೇರಿ ಒಂಬತ್ತು ಪರಮಾಣುಗಳ ಉಂಗುರವಾಗುತ್ತದೆ. ಬಂಗಾರವು ತನ್ನ ನೇರವನ್ನು ಬಿಡಲಿಲ್ಲ. ತಿರುವನ್ನು ತಂದದ್ದು ಲಿಗ್ಯಾಂಡು. 1990ರಲ್ಲಿ ಜಪಾನಿನ ಮಕೊತೊ ಫುಜಿತರು ಪ್ರಕಟಿಸಿದ ಚೌಕದಲ್ಲಿ ಇದರ ವಿಪರ್ಯಯ: ಲಿಗ್ಯಾಂಡು ನೇರ, ಪಲ್ಲೇಡಿಯಮ್ ಮೂಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥಸಾರಥಿ ಮುಖರ್ಜಿಯವರು ನಡೆಸಿದ ಸಂಶೋಧನೆಗಳೂ ಈ ಮಾರ್ಗದವು.

ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದರು. ಇಲ್ಲಿಯೂ ಲೋಹಕ್ಕೆ ಎಲೆಕ್ಟ್ರಾನಿನ ಆಕಾಂಕ್ಷೆ, ಲಿಗ್ಯಾಂಡಿಗೆ ಆಕಾರದ ಯೋಗ್ಯತೆ, ದ್ರಾವಣದಲ್ಲಿ ಇವೆರಡರ ಸನ್ನಿಧಿ. ಇನ್ನೂ ಒಂದು ವಿಶೇಷವುಂಟು. ಚೌಕವು ಒಮ್ಮೆಗೇ ಆಗತಕ್ಕದ್ದಲ್ಲ; ತಪ್ಪಾಗಿ ಕೂಡಿದವು ಬಿಟ್ಟುಹೋಗಿ, ಮತ್ತೆ ಕೂಡಿ, ಕೊನೆಗೆ ಸ್ಥಿರರೂಪವು ನಿಲ್ಲುತ್ತದೆ. ಕೂಡಿದ್ದು ಬಿಡಬಲ್ಲುದಾದುದರಿಂದಲೇ ರಚನೆಯು ಸಾಧ್ಯ. ‘ಬಂಧಕ’ವೆಂಬಲ್ಲಿ ಬಿಡುಗಡೆಯ ಧ್ವನಿಯೇ ಇಲ್ಲ. ‘ಸಂಧಾಯಕ’ವೆಂದರೆ ಸಂಧಿಯೂ ಅದರ ವಿಚ್ಛೇದವೂ ಒಟ್ಟಿಗೆ ಸ್ಫುರಿಸುತ್ತವೆ. ಸಂಧಿಯಲ್ಲಿ ವರ್ಣವಿಕಾರವುಂಟು, ಲಿಗ್ಯಾಂಡಾದರೋ ಬಹುಮಟ್ಟಿಗೆ ತನ್ನ ರೂಪದಲ್ಲಿಯೇ ಇರುತ್ತದೆ ಎಂಬ ಆಕ್ಷೇಪಕ್ಕೆ, ಪ್ರಕೃತಿಭಾವವನ್ನು ಬಲ್ಲವರಲ್ಲಿ ಉತ್ತರವಿದೆ.

ಗಣಿಗೆ ದಾರಿಯಾದ ರೈಲ್ವೆ ಊರು ಕಮಿಷನರ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆಯಾಗಿದ್ದು, ಬಂಗಾರಪೇಟೆಯಾಯಿತು. ಧ್ವನಿಯ ಸಾಮ್ಯವೂ ಬಂಗಾರದ ಸನ್ನಿಧಿಯೂ ಇದ್ದುದರಿಂದ ಹೊಸ ಹೆಸರು ಒಪ್ಪಿತು. ಪಂಡಿತರು ಮಾಡುವ ಶಬ್ದಕ್ಕೂ ಇಂತಹ ಯೋಗ್ಯತೆಯಿದ್ದರೆ ಅದು ಪಾಠಶಾಲೆಯಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ‘ಲಿಗ್ಯಾಂಡ್’ ಎಂಬುದೇ ಲೇಸು.