ನ್ಯಾಯಪೀಠವೂ ಮನಸ್ಸಾಕ್ಷಿಯೂ: ಅಮೆರಿಕದ ಸಂಪ್ರದಾಯವಾದಿ ಕ್ರೈಸ್ತ ಬರಹಗಳ ಒಂದು ವಿಮರ್ಶೆ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಸಮೀಪಿಸಿದಾಗ ಅಲ್ಲಿನ ಸಂಪ್ರದಾಯವಾದಿ ಕ್ರೈಸ್ತ ಲೇಖಕರಲ್ಲಿ ಹಲವರು ಒಂದು ವಾದವನ್ನು ಮುಂದಿಡುತ್ತಾರೆ. ಅಧ್ಯಕ್ಷರ ಅಧಿಕಾರಾವಧಿ ನಾಲ್ಕು ವರ್ಷ. ಅವರು ನೇಮಿಸುವ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯ ಅವಧಿ ಜೀವಿತಾವಧಿ. ಆದುದರಿಂದ ಅಭ್ಯರ್ಥಿಯ ಶೀಲಕ್ಕಿಂತ ಅವರು ಮಾಡಲಿರುವ ನೇಮಕಗಳನ್ನೇ ಗಮನಿಸಿ ಮತ ನೀಡಬೇಕು ಎಂಬುದು ಆ ವಾದದ ಸಾರ. ಈ ಬರಹಗಳು ನಮ್ಮ ಗುರುಮಠಗಳ ಓದುಗರನ್ನೂ ತಲುಪುತ್ತಿವೆ. ನೈತಿಕ ದೈವಶಾಸ್ತ್ರದ ತರಗತಿಗಳಲ್ಲಿ ವಿದ್ಯಾರ್ಥಿಗಳು ಇವುಗಳ ತರ್ಕವನ್ನು ಎರವಲು ಪಡೆಯುವುದನ್ನು ನಾವು ಕಂಡಿದ್ದೇವೆ. ಯಾವ ಪಕ್ಷ ಗೆಲ್ಲಬೇಕಿತ್ತು ಎಂಬುದು ನಮ್ಮ ಪ್ರಶ್ನೆಯಲ್ಲ. ಈ ತರ್ಕವು ದೈವಶಾಸ್ತ್ರದ ಒರೆಗಲ್ಲಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನು 1996, 2002 ಮತ್ತು 2016ರ ಮೂರು ಬರಹಗಳ ಮೂಲಕ ಪರಿಶೀಲಿಸಬಯಸುತ್ತೇವೆ.

ಮೊದಲನೆಯದು ‘ಫಸ್ಟ್ ಥಿಂಗ್ಸ್’ ಪತ್ರಿಕೆಯ 1996ರ ನವೆಂಬರ್ ಸಂಚಿಕೆಯ ವಿಚಾರಗೋಷ್ಠಿ. ಪತ್ರಿಕೆಯ ಸ್ಥಾಪಕ ಸಂಪಾದಕರಾದ ರಿಚರ್ಡ್ ಜಾನ್ ನ್ಯೂಹೌಸ್ ಲುಥೆರನ್ ಪಾಲಕರಾಗಿದ್ದು, 1990ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಮರುವರ್ಷ ಗುರುದೀಕ್ಷೆ ಪಡೆದವರು. ಗೋಷ್ಠಿಯಲ್ಲಿ ಭಾಗವಹಿಸಿದವರು ರಾಬರ್ಟ್ ಬೋರ್ಕ್, ರಸಲ್ ಹಿಟಿಂಜರ್, ಹ್ಯಾಡ್ಲಿ ಆರ್ಕ್ಸ್, ಚಾರ್ಲ್ಸ್ ಕೋಲ್ಸನ್ ಮತ್ತು ರಾಬರ್ಟ್ ಜಾರ್ಜ್. ಇವರಲ್ಲಿ ಬೋರ್ಕ್ ಅವರನ್ನು 1987ರಲ್ಲಿ ಅಧ್ಯಕ್ಷ ರೇಗನ್ ಸರ್ವೋಚ್ಚ ನ್ಯಾಯಾಲಯಕ್ಕೆ ನಾಮನಿರ್ದೇಶನ ಮಾಡಿದ್ದರು. ಸೆನೆಟ್ 58ಕ್ಕೆ 42 ಮತಗಳಿಂದ ಅದನ್ನು ತಿರಸ್ಕರಿಸಿತ್ತು. ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು 1973ರಲ್ಲಿ ಸಾರಿದ ರೋ ತೀರ್ಪು, ಅದರ ತಿರುಳನ್ನು ಎತ್ತಿಹಿಡಿದ 1992ರ ಕೇಸಿ ತೀರ್ಪು, ನೆರವು ಪಡೆದ ಆತ್ಮಹತ್ಯೆಯ ಪರವಾಗಿ 1996ರಲ್ಲಿ ಮೇಲ್ಮನವಿ ನ್ಯಾಯಾಲಯಗಳು ನೀಡಿದ್ದ ತೀರ್ಪುಗಳು – ಇವು ಗೋಷ್ಠಿಯ ಹಿನ್ನೆಲೆ. ಜನರ ಕೈಯಿಂದ ನಿರ್ಧಾರವನ್ನು ಕಸಿದುಕೊಂಡು ನೈತಿಕ ನಿಯಮಕ್ಕೆ ವಿರುದ್ಧವಾಗಿ ತೀರ್ಪಿಡುವ ಆಳ್ವಿಕೆಗೆ ಮನಸ್ಸಾಕ್ಷಿಯುಳ್ಳ ನಾಗರಿಕರು ಇನ್ನೂ ಸಮ್ಮತಿ ನೀಡಬಹುದೇ ಎಂದು ಸಂಪಾದಕೀಯ ಕೇಳಿತು. ಪ್ರಶ್ನೆಯ ತೀವ್ರತೆಗೆ ಬೆಚ್ಚಿ ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ ಹಾಗೂ ಇತಿಹಾಸಕಾರ್ತಿ ಗರ್ಟ್ರೂಡ್ ಹಿಮ್ಮೆಲ್‌ಫಾರ್ಬ್ ಪತ್ರಿಕೆಯ ಮಂಡಳಿಯಿಂದ ಹೊರನಡೆದರು.

ಈ ಗೋಷ್ಠಿಯ ಯೋಗ್ಯತೆಯನ್ನು ನಾವು ಒಪ್ಪಲೇಬೇಕು. ನ್ಯಾಯಕ್ಕೆ ಹೊರತಾದ ಕಾನೂನು ಕಾನೂನಿನ ವಿಕೃತಿ ಎಂಬ ಸಂತ ತೋಮಾಸ್ ಅಕ್ವಿನಾಸರ ಬೋಧನೆಯನ್ನು ಅದು ಸಾರ್ವಜನಿಕ ಚರ್ಚೆಗೆ ತಂದಿತು. ಗರ್ಭಸ್ಥ ಶಿಶುವಿನ ಜೀವ ಯಾವ ಬಹುಮತಕ್ಕೂ ಯಾವ ಪೀಠಕ್ಕೂ ಸೇರಿದ್ದಲ್ಲ ಎಂಬ ಧರ್ಮಸಭೆಯ ನಿಲುವನ್ನು ಹಿಂಜರಿಯದೆ ನುಡಿಯಿತು. ಆದರೆ ಅದರ ದೋಷವೂ ಅಲ್ಲಿಯೇ ಇತ್ತು. ರೋಗವು ನ್ಯಾಯಪೀಠದಲ್ಲಿದೆ ಎಂದ ಮೇಲೆ ಮದ್ದನ್ನೂ ಪೀಠದಲ್ಲಿಯೇ ಹುಡುಕಬೇಕಾಗುತ್ತದೆ. ಮರುವರ್ಷವೇ, 1997ರ ಜೂನ್‌ನಲ್ಲಿ, ನೆರವು ಪಡೆದ ಆತ್ಮಹತ್ಯೆ ಸಂವಿಧಾನದತ್ತ ಹಕ್ಕಲ್ಲವೆಂದು ಅದೇ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ತೀರ್ಪಿತ್ತಿತು. ಆಳ್ವಿಕೆಯ ಸಿಂಧುತ್ವವನ್ನೇ ಪ್ರಶ್ನಿಸಲು ಹೊರಟವರು ಒಂದು ವರ್ಷ ಕಾದಿದ್ದರೆ ಅವರ ಆರೋಪಪಟ್ಟಿಯ ಒಂದು ಮುಖ್ಯ ಅಂಶ ಕಳಚಿಬೀಳುತ್ತಿತ್ತು.

ಎರಡನೆಯದು ಅದೇ ಪತ್ರಿಕೆಯಲ್ಲಿ 2002ರ ಮೇ ತಿಂಗಳಲ್ಲಿ ಪ್ರಕಟವಾದ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಅವರ ಮರಣದಂಡನೆ ಕುರಿತ ಲೇಖನ. ಪೋಪ್ ಎರಡನೆಯ ಜಾನ್ ಪಾಲ್ ಅವರು 1995ರ ‘ಇವ್ಯಾಂಜೆಲಿಯುಂ ವೀತೇ’ ವಿಶ್ವಪತ್ರದಲ್ಲಿ ಮರಣದಂಡನೆಯ ಅಗತ್ಯ ಇಂದು ಬಹುಮಟ್ಟಿಗೆ ಇಲ್ಲವೆಂದು ಬೋಧಿಸಿದ್ದರು. ಸ್ಕಲಿಯಾ ಆ ಬೋಧನೆಯನ್ನು ಗೌರವದಿಂದ ಪರಿಶೀಲಿಸಿದ್ದಾಗಿಯೂ ಅದನ್ನು ತಾವು ಒಪ್ಪುವುದಿಲ್ಲವೆಂದೂ ಬರೆದರು. ಮರಣದಂಡನೆಯನ್ನು ಅನೈತಿಕವೆಂದು ನಂಬುವ ನ್ಯಾಯಾಧೀಶನು ಕಾನೂನನ್ನು ತಿರುಚದೆ ಹುದ್ದೆಗೆ ರಾಜೀನಾಮೆ ನೀಡಬೇಕು ಎಂಬುದು ಅವರ ನಿಲುವು. ಇದಕ್ಕೆ ನಾಲ್ಕು ವರ್ಷ ಮೊದಲು ಏಮಿ ಕೋನಿ ಬ್ಯಾರೆಟ್ ಮತ್ತು ಜಾನ್ ಗಾರ್ವಿ ಇದೇ ಸಮಸ್ಯೆಯನ್ನು ಎತ್ತಿಕೊಂಡು, ಅಂತಹ ಕಥೋಲಿಕ ನ್ಯಾಯಾಧೀಶನು ಮರಣದಂಡನೆ ವಿಧಿಸಬೇಕಾದ ಪ್ರಕರಣಗಳಿಂದ ಹಿಂದೆ ಸರಿಯುವುದೇ ಸರಿಯೆಂದು ವಾದಿಸಿದ್ದರು.

ಈ ಎರಡು ನಿಲುವುಗಳಲ್ಲಿ ಯಾವುದು ಮೇಲು ಎಂಬುದಕ್ಕಿಂತ ಎರಡೂ ಒಪ್ಪಿಕೊಂಡ ಒಂದು ಸಂಗತಿ ನಮಗೆ ಮುಖ್ಯ: ನ್ಯಾಯಾಧೀಶನ ವಿಶ್ವಾಸವು ತೀರ್ಪಿನ ಸಾಧನವಾಗಬಾರದು. ಸ್ಕಲಿಯಾ ತಮ್ಮ ಪದವಿಗೆ ಗೆರೆ ಎಳೆದುಕೊಂಡರು. ಅವರನ್ನು ಆರಾಧಿಸಿದ ಬರಹಗಾರರಾದರೋ ಅವರ ಪೀಠದಿಂದ ಧರ್ಮದ ಪುನಃಸ್ಥಾಪನೆಯನ್ನೇ ನಿರೀಕ್ಷಿಸಿದರು. ಜೊತೆಗೆ, ಗರ್ಭಪಾತದ ವಿಷಯದಲ್ಲಿ ಧರ್ಮಸಭೆಯ ಬೋಧನೆಗೆ ಕಿವಿಗೊಡದವರನ್ನು ಖಂಡಿಸಿದ ಹಲವರು ಮರಣದಂಡನೆಯ ವಿಷಯದಲ್ಲಿ ಅದೇ ಅಳತೆಗೋಲನ್ನು ಹಿಡಿಯಲಿಲ್ಲ. ಈ ಎರಡು ಬೋಧನೆಗಳ ತೂಕ ಒಂದೇ ಅಲ್ಲವೆಂಬುದು ನಿಜ. ಆದರೆ ತೂಕ ಕಡಿಮೆಯೆಂದ ಮಾತ್ರಕ್ಕೆ ಬೋಧನೆ ಇಲ್ಲದಂತಾಗುವುದಿಲ್ಲ.

ಮೂರನೆಯ ಬರಹ ಹುಟ್ಟಿದ್ದು ಸ್ಕಲಿಯಾ ಅವರ ನಿಧನದ ನಂತರ. 2016ರ ಫೆಬ್ರವರಿ 13ರಂದು ಅವರು ತೀರಿಕೊಂಡಾಗ ಚುನಾವಣೆಗೆ ಒಂಬತ್ತು ತಿಂಗಳು ಬಾಕಿಯಿತ್ತು. ಅಧ್ಯಕ್ಷ ಒಬಾಮಾ ಅವರು ಮೆರಿಕ್ ಗಾರ್ಲಂಡ್ ಅವರನ್ನು ನಾಮನಿರ್ದೇಶನ ಮಾಡಿದರೂ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ತೆರವಾದ ಪೀಠ ಚುನಾವಣೆಯ ಪಣವಾಯಿತು. ಡೊನಾಲ್ಡ್ ಟ್ರಂಪ್ ಮೇ ತಿಂಗಳಲ್ಲಿ ಸಂಭಾವ್ಯ ನ್ಯಾಯಮೂರ್ತಿಗಳ 11 ಹೆಸರುಗಳ ಪಟ್ಟಿಯನ್ನು ಪ್ರಕಟಿಸಿದರು. ಇದಕ್ಕೂ ಮುನ್ನ, ಮಾರ್ಚ್‌ನಲ್ಲಿ, 1996ರ ಗೋಷ್ಠಿಯ ರಾಬರ್ಟ್ ಜಾರ್ಜ್ ಅವರೂ ಜಾರ್ಜ್ ವೈಗೆಲ್ ಅವರೂ ಟ್ರಂಪ್ ಅವರನ್ನು ತಿರಸ್ಕರಿಸುವಂತೆ ಕಥೋಲಿಕರಿಗೆ ಬಹಿರಂಗ ಮನವಿ ಮಾಡಿದ್ದರು. ಸಂಪ್ರದಾಯವಾದಿಗಳೆಲ್ಲ ಒಂದೇ ಬಾಯಲ್ಲಿ ಮಾತನಾಡಿದರೆನ್ನುವುದು ಅನ್ಯಾಯವಾದೀತು.

ಆದರೆ ಜುಲೈ ಅಂತ್ಯದಲ್ಲಿ ಇವ್ಯಾಂಜೆಲಿಕಲ್ ದೈವಶಾಸ್ತ್ರಜ್ಞ ವೇಯ್ನ್ ಗ್ರೂಡೆಮ್ ಇನ್ನೊಂದು ದಾರಿ ಹಿಡಿದರು. ಟ್ರಂಪ್ ಅವರಿಗೆ ಮತ ನೀಡುವುದು ನೈತಿಕವಾಗಿ ಒಳ್ಳೆಯ ಆಯ್ಕೆಯೆಂದು ವಾದಿಸಿದ ಅವರ ಲೇಖನದಲ್ಲಿ ಸರ್ವೋಚ್ಚ ನ್ಯಾಯಾಲಯದ ನೇಮಕಗಳಿಗೆ ದೊಡ್ಡ ಪಾಲಿದೆ. ಅಕ್ಟೋಬರ್‌ನಲ್ಲಿ ಸ್ತ್ರೀಯರ ಬಗ್ಗೆ ಟ್ರಂಪ್ ಆಡಿದ್ದ ಹೀನ ಮಾತುಗಳ ಧ್ವನಿಮುದ್ರಿಕೆ ಬಯಲಾದಾಗ ಅವರು ಬೆಂಬಲವನ್ನು ಹಿಂತೆಗೆದುಕೊಂಡರು. ಹತ್ತೇ ದಿನಗಳಲ್ಲಿ, ಅಭ್ಯರ್ಥಿಯನ್ನಲ್ಲದಿದ್ದರೆ ಆತನ ನೀತಿಗಳನ್ನು ನೋಡಿ ಮತ ನೀಡಿರೆಂದು ಮತ್ತೆ ಬರೆದರು.

ಈ ಹೊಯ್ದಾಟವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಪ್ರಾಮಾಣಿಕ ಮನಸ್ಸಿಗೂ ಇದು ಸಂಭವಿಸೀತು. ನಮ್ಮ ಆಕ್ಷೇಪ ‘ಒಳ್ಳೆಯ’ ಎಂಬ ಒಂದು ಪದದ ಮೇಲೆ. ಕಥೋಲಿಕ ನೈತಿಕ ಪರಂಪರೆಯು ಇಂತಹ ಸಂದರ್ಭಕ್ಕೆ ಸೂಕ್ಷ್ಮವಾದ ವಿವೇಚನೆಯೊಂದನ್ನು ಕೊಟ್ಟಿದೆ. ಇನ್ನೊಬ್ಬನ ಕೆಡುಕಿಗೆ ಸಮ್ಮತಿಸಿ ಜೊತೆಗೂಡುವುದು ಎಂದೂ ಸಲ್ಲದು. ಸಮ್ಮತಿಯಿಲ್ಲದೆ, ದೂರದಿಂದ, ಅದಕ್ಕೆ ಸರಿದೂಗುವ ಗಂಭೀರ ಕಾರಣಕ್ಕಾಗಿ ಮತ ನೀಡುವುದು ಸಹ್ಯವಾಗಬಹುದು. ಕಾರ್ಡಿನಲ್ ರಾಟ್ಸಿಂಗರ್ 2004ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರಿಗೆ ಬರೆದ ಟಿಪ್ಪಣಿಯಲ್ಲಿ ಗರ್ಭಪಾತದ ಪರವಾದ ಅಭ್ಯರ್ಥಿಗೆ ಅನ್ಯ ಕಾರಣಗಳಿಂದ ಮತ ನೀಡುವವರ ವಿಷಯದಲ್ಲಿ ಇದೇ ಅಳತೆಯನ್ನು ಬಳಸಿದರು. ಆ ಅಳತೆಯಲ್ಲಿ ಸಹಿಸಿಕೊಂಡದ್ದು ಸಹಿಸಿಕೊಂಡದ್ದಾಗಿಯೇ ಉಳಿಯುತ್ತದೆ. ಒಳ್ಳೆಯದೆಂಬ ಹೆಸರು ಅದಕ್ಕೆ ದೊರೆಯುವುದಿಲ್ಲ. ಒಳಿತು ಬರಲೆಂದು ಕೆಡುಕು ಮಾಡುವ ವಾದವನ್ನು ಸಂತ ಪೌಲರು ರೋಮನ್ನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ತಳ್ಳಿಹಾಕಿದ್ದಾರೆ. ಮತದಾರನು ನೊಂದು ಮತ ನೀಡಿ, ಮರುದಿನವೇ ತಾನು ಆರಿಸಿದವನನ್ನು ಟೀಕಿಸಲು ಸ್ವತಂತ್ರನಾಗಿದ್ದರೆ ಅವನ ಮನಸ್ಸಾಕ್ಷಿ ಉಳಿದಿದೆ. ಆಯ್ಕೆಯನ್ನು ಸಮರ್ಥಿಸಲೆಂದೇ ಸುಳ್ಳನ್ನೂ ಕ್ರೌರ್ಯವನ್ನೂ ಮರೆಮಾಚತೊಡಗಿದರೆ ಅವನು ಪೀಠಕ್ಕಾಗಿ ಕೊಟ್ಟ ಬೆಲೆ ಮತಕ್ಕಿಂತ ದೊಡ್ಡದು. ಯಾವ ಹಂತದಲ್ಲಿ ‘ನ್ಯಾಯಪೀಠಕ್ಕಾಗಿಯೂ ಇದು ಬೇಡ’ ಎನ್ನಬೇಕು? ಗ್ರೂಡೆಮ್ ಅವರ ತರ್ಕದಲ್ಲಿ ಇದಕ್ಕೆ ಉತ್ತರವಿಲ್ಲ.

ಫಲವೇ ಉತ್ತರವೆಂದು ಈ ಲೇಖಕರು ಹೇಳಿಯಾರು. ಗೋರ್ಸಚ್ 2017ರಲ್ಲಿ, ಕ್ಯಾವನಾ 2018ರಲ್ಲಿ, ಬ್ಯಾರೆಟ್ 2020ರಲ್ಲಿ ಪೀಠವೇರಿದರು. 2022ರ ಜೂನ್ 24ರ ಡಾಬ್ಸ್ ತೀರ್ಪಿನಲ್ಲಿ ಈ ಮೂವರೂ ಬಹುಮತದ ಪಕ್ಷದಲ್ಲಿದ್ದು ರೋ ತೀರ್ಪು ರದ್ದಾಯಿತು. ಅರ್ಧ ಶತಮಾನದ ಪ್ರಯತ್ನ ಕೈಗೂಡಿದುದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಫಲವನ್ನು ಎಣಿಸುವುದಾದರೆ ಪೂರ್ತಿಯಾಗಿ ಎಣಿಸಬೇಕು. ಅದೇ ಅಧ್ಯಕ್ಷರ ಆಡಳಿತವು 17 ವರ್ಷ ನಿಂತಿದ್ದ ಕೇಂದ್ರ ಸರ್ಕಾರದ ಮರಣದಂಡನೆಗಳನ್ನು ಪುನರಾರಂಭಿಸಿ, 2020ರ ಜುಲೈನಿಂದ 2021ರ ಜನವರಿಯ ನಡುವೆ 13 ಮಂದಿಯ ಜೀವ ತೆಗೆಯಿತು. ಧರ್ಮಾಧ್ಯಕ್ಷರ ಮನವಿಗಳು ಫಲಿಸಲಿಲ್ಲ. ಡಾಬ್ಸ್ ತೀರ್ಪು ಕೂಡ ಗರ್ಭಪಾತವನ್ನು ನಿಷೇಧಿಸಲಿಲ್ಲ. ನಿರ್ಧಾರವನ್ನು ಜನರಿಗೂ ಅವರ ಪ್ರತಿನಿಧಿಗಳಿಗೂ ಮರಳಿಸಿತು. ಆರು ವಾರಗಳೊಳಗೆ, ಆಗಸ್ಟ್ 2ರಂದು, ಸಂಪ್ರದಾಯವಾದಿಗಳ ನೆಲೆಯೆನಿಸಿದ ಕ್ಯಾನ್ಸಸ್ ರಾಜ್ಯದ ಮತದಾರರು ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನದಿಂದ ತೆಗೆಯುವ ತಿದ್ದುಪಡಿಯನ್ನು ಸುಮಾರು ಶೇ. 59ರಷ್ಟು ಮತಗಳಿಂದ ತಿರಸ್ಕರಿಸಿದರು. 2023ರಲ್ಲಿ ಒಹಾಯೊ ಅದೇ ಹಕ್ಕನ್ನು ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು. ಜನರ ಕೈಯಿಂದ ನಿರ್ಧಾರ ಕಸಿಯಲಾಗಿದೆಯೆಂಬುದು 1996ರ ದೂರು. ನಿರ್ಧಾರ ಮರಳಿ ಬಂದಾಗ ಜನರ ಮನಸ್ಸು ಸಿದ್ಧವಾಗಿರಲಿಲ್ಲ.

ಮಾನವ ಕಾನೂನು ಬಹುಪಾಲು ಅಪೂರ್ಣರಾದ ಜನಸಮೂಹಕ್ಕಾಗಿ ಇರುವಂಥದ್ದು, ಅದು ಎಲ್ಲ ದುರ್ಗುಣಗಳನ್ನೂ ತಡೆಯಲಾರದು, ಜನರನ್ನು ಸದ್ಗುಣದೆಡೆಗೆ ಹಂತಹಂತವಾಗಿಯೇ ನಡೆಸಬೇಕು ಎಂದು ಸಂತ ತೋಮಾಸರು ಬೋಧಿಸುತ್ತಾರೆ. ನ್ಯಾಯಪೀಠವನ್ನು ನಂಬಿದವರು ಅವರ ಒಂದು ಬೋಧನೆಯನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟರು. 2020ರಲ್ಲಿ ಹಾರ್ವರ್ಡ್‌ನ ಏಡ್ರಿಯನ್ ವರ್ಮ್ಯೂಲ್ ಸಂವಿಧಾನದ ಮೂಲಾರ್ಥವಾದ ಸಾಲದು, ಸರ್ವರ ಹಿತವನ್ನು ಗುರಿಯಾಗಿಸಿದ ದೃಢ ಆಳ್ವಿಕೆ ಬೇಕೆಂದು ವಾದಿಸಿದಾಗ ಅದು ಹೊಸ ದಾರಿಯಂತೆ ಕಂಡಿತು. ಸರ್ವರ ಹಿತವೆಂಬ ಮಾತು ನಮ್ಮ ಪರಂಪರೆಯದೇ. ಆದರೂ ಅವರ ನಿರೀಕ್ಷೆಯೂ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಮತಾಂತರಗೊಳ್ಳಬೇಕಾದ ಹೃದಯಗಳು ಇಲ್ಲಿಯೂ ಎರಡನೆಯ ಸಾಲಿನಲ್ಲೇ ನಿಲ್ಲುತ್ತವೆ.

ಈ ಬರಹಗಳನ್ನು ಓದುವ ನಮ್ಮ ಗುರು ಅಭ್ಯರ್ಥಿಗಳಿಗೆ ಒಂದು ಮಾತು. ಅಮೆರಿಕದ ಚೌಕಟ್ಟು ನಮ್ಮ ದೇಶಕ್ಕೆ ಹೊಂದುವುದಿಲ್ಲ. ಇಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶ ದೊರೆತದ್ದು 1971ರಲ್ಲಿ, ಸಂಸತ್ತಿನ ಕಾಯಿದೆಯಿಂದ. ನ್ಯಾಯಮೂರ್ತಿಗಳ ಆಯ್ಕೆಯಲ್ಲಿ ಮೇಲುಗೈ ಇರುವುದು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂಗೆ. ಪೀಠವನ್ನು ಗೆಲ್ಲುವ ಆಮಿಷ ನಮ್ಮ ಪುಟ್ಟ ಸಮುದಾಯದ ಮುಂದೆ ಇಲ್ಲವೇ ಇಲ್ಲ. ಇದನ್ನು ನಾವು ಕೊರತೆಯೆಂದು ಭಾವಿಸಬೇಕಾಗಿಲ್ಲ. ಪಾಪನಿವೇದನೆಯ ಪೀಠದಲ್ಲಿ, ವಿವಾಹ ಸಿದ್ಧತೆಯ ತರಗತಿಯಲ್ಲಿ, ಭಯಗೊಂಡ ಗರ್ಭಿಣಿಯೊಬ್ಬಳ ಮನೆಯ ಜಗಲಿಯಲ್ಲಿ ಗುರುವಾದವನು ಮಾಡುವ ಕೆಲಸವನ್ನು ಯಾವ ಸರ್ವೋಚ್ಚ ನ್ಯಾಯಾಲಯವೂ ಅವನ ಪರವಾಗಿ ಮಾಡಿಕೊಡದು. ನ್ಯೂಹೌಸ್ ಅವರ ತಲೆಮಾರು ಎತ್ತಿದ ಪ್ರಶ್ನೆಯನ್ನು ನಾವು ಮರೆಯದಿರೋಣ. ಅವರ ನಂತರದವರು ಅದಕ್ಕೆ ಕಂಡುಕೊಂಡ ಉತ್ತರವನ್ನು ಮಾತ್ರ ಒರೆಗೆ ಹಚ್ಚದೆ ಸ್ವೀಕರಿಸದಿರೋಣ.